ಅಟ್ಟದ ಮೇಲಿನ ಚೆಂಡು

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪಂಚಾಂಗಗಳನ್ನೂ ಒಡಕು ಕಂಚಿನ ಪಾತ್ರೆಗಳನ್ನೂ ತುಂಬಿಟ್ಟ ಒಂದು ಬೆತ್ತದ ಬುಟ್ಟಿಯಿದೆ. ಅದರ ತಳದಲ್ಲಿ ತೊಗಲಿನ ಕಾಲ್ಚೆಂಡೊಂದು ಬಿದ್ದುಕೊಂಡಿದೆ. ಈಗಿನ ಹುಡುಗರು ಅದನ್ನು ಚೆಂಡೆಂದು ಗುರುತಿಸಲಾರರು. ಗಾಳಿಯಿಲ್ಲದೆ ಕುಸಿದು, ಬಿಸಿಲಿಗೆ ಬಿದ್ದ ಗೇರುಹಣ್ಣಿನಂತೆ ಸುಕ್ಕುಗಟ್ಟಿದೆ. ಒಳಗೆ ರಬ್ಬರಿನ ಬ್ಲಾಡರು, ಹೊರಗೆ ಕೈಯಿಂದ ಹೊಲಿದ ತೊಗಲು, ಬಾಯಿಗೆ ಬೂಟಿಗೆ ಕಟ್ಟುವಂಥ ಲೇಸು. ಅಂಥ ಚೆಂಡುಗಳು ಮಾರುಕಟ್ಟೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಬ್ಲಾಡರು ಎಂದೋ ಅಂಟಾಗಿ ಕರಗಿಹೋಗಿದೆ. ಚೆಂಡಿನ ಒಂದು ಬದಿಯಲ್ಲಿ ಅಂಗೈಯಗಲದ ತೊಗಲು ಇಲ್ಲ. ಅದನ್ನು ಕತ್ತರಿಸಿದವನು ನಾನು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಾಲ್ಚೆಂಡಿನ ಕಥೆಗೇನು ಕೆಲಸ ಎಂದು ಹುಬ್ಬೇರಿಸುವ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ಅವರ ಕ್ಷಮೆಯನ್ನು ಮೊದಲೇ ಕೋರುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಗಡಿನಾಡಿನ ಕನ್ನಡದ ಬಗ್ಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಎರಡು ಸಂಜೆ ಕಾಗದದ ಮುಂದೆ ಕುಳಿತೆ. ಬಂದದ್ದೆಲ್ಲ ಹಿಂದಿನ ಸಂಚಿಕೆಗಳಲ್ಲಿ ನಾನೇ ಬರೆದ ಮಾತುಗಳು. ಮೂರನೆಯ ಸಂಜೆ ನೆನಪಾದದ್ದು ಈ ಚೆಂಡು.

1955–56ರಲ್ಲಿ ನಮ್ಮೂರಿನಲ್ಲಿ ಒಂದು ಕಾಲ್ಚೆಂಡಿನ ತಂಡವಿತ್ತು. ಊರು ಕುಂಬಳೆ ಸೀಮೆಯಲ್ಲಿ, ಕಡಲಿನಿಂದ ಸ್ವಲ್ಪ ಒಳಗೆ. ಮೊಗ್ರಾಲಿನ ಕಡೆಯ ಹುಡುಗರು ಅಂದಿಗೂ ಇಂದಿಗೂ ಚೆಂಡಾಟದ ಹುಚ್ಚರು. ಆ ಹುಚ್ಚು ಬೇಲಿ ದಾಟಿ ನಮ್ಮೂರಿಗೂ ಬಂದಿತ್ತು. ಕೊಯ್ಲು ಮುಗಿದು ಬರಿದಾದ ಬೆಟ್ಟುಗದ್ದೆಯೇ ಮೈದಾನ. ಬುಡ ಬಿಟ್ಟ ಪೈರಿನ ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಆಟ ಬರಿಗಾಲಿನಲ್ಲೇ. ಹನ್ನೊಂದು ಮಂದಿಯಲ್ಲಿ ತುಳು, ಮಲೆಯಾಳ, ಕನ್ನಡ, ಕೊಂಕಣಿ ಎಲ್ಲ ಮನೆಮಾತಿನವರೂ ಇದ್ದರು. ಮೈದಾನದಲ್ಲಿ ಬೈಗುಳ ಮಾತ್ರ ತುಳುವಿನಲ್ಲಿ ಎಂದು ನಮ್ಮ ತಂದೆಯವರು ಹೇಳುತ್ತಿದ್ದುದುಂಟು. ತಂದೆಯವರು ಕನ್ನಡ ಶಾಲೆಯ ಎಳೆಯ ಮಾಸ್ಟ್ರು. ತಂಡದಲ್ಲಿ ಬಲಬದಿಯ ಬ್ಯಾಕ್. ಗೋಲಿನಲ್ಲಿ ನಿಲ್ಲುತ್ತಿದ್ದವರು ಜಿನಸಿನ ಅಂಗಡಿಯವರ ಹಿರಿಯ ಮಗ. ಅವರನ್ನು ನಾನು ಬಲ್ಲ ಕಾಲಕ್ಕೆ ಊರೆಲ್ಲ ಹಾಜಿಯವರೆಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಬರೆಯುತ್ತೇನೆ. ಚೆಂಡನ್ನು ಮಂಗಳೂರಿನಿಂದ ತರಿಸಿದ್ದು. ಅರ್ಧ ಹಣ ಹಾಜಿಯವರ ತಂದೆ ಕೊಟ್ಟರು. ಉಳಿದರ್ಧವನ್ನು ನಮ್ಮ ತಂದೆಯವರು ನಾಲ್ಕಾಣೆ ಎಂಟಾಣೆಯಾಗಿ ಊರಿನಿಂದ ಎತ್ತಿದರು. ಚೆಂಡು ಇರುತ್ತಿದ್ದುದು ನಮ್ಮ ಮನೆಯಲ್ಲಿ, ಏಕೆಂದರೆ ಪಂಪು ಇದ್ದದ್ದು ನಮ್ಮಲ್ಲಿ.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಿತು. ಕಾಸರಗೋಡು ತಾಲೂಕು ಕೇರಳಕ್ಕೆ ಎಂದಿತು. ಮುಂದಿನ ಒಂದು ವರ್ಷದ ಸಭೆಗಳು, ಮೆರವಣಿಗೆಗಳು, ಮನವಿಗಳು ಈ ಸಂಚಿಕೆಯ ಓದುಗರಿಗೆ ಹೊಸತಲ್ಲ. ನಮ್ಮ ತಂದೆಯವರು ಅವುಗಳಲ್ಲಿ ಮುಂದೆ ನಿಂತವರು. ಹಾಜಿಯವರ ಮನೆಮಾತು ಮಲೆಯಾಳ. ಅವರಿಗೆ ಕೇರಳವೆಂದರೆ ಮನೆಗೆ ಮರಳಿದಂತೆ. ಚಹಾದಂಗಡಿಯಲ್ಲಿ ಒಂದು ದಿನ ಮಾತಿಗೆ ಮಾತು ಬೆಳೆಯಿತು. ಯಾರು ಏನೆಂದರೆಂದು ಇಬ್ಬರೂ ನನಗೆ ಹೇಳಲಿಲ್ಲ. ಆ ದಿನದಿಂದ ತಂಡ ಒಡೆಯಿತು. 1956ರ ನವೆಂಬರ್ 1ರಂದು, ಗುರುವಾರ, ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲವೆಂದು ತಾಯಿ ಹೇಳುತ್ತಿದ್ದರು. ನಾನಾಗ ವರ್ಷ ತುಂಬಿದ ಮಗು. ನನಗೆ ಮಾತ್ರ ಪಕ್ಕದ ಮನೆಯಿಂದ ಹಾಲು ತಂದರಂತೆ. ಚೆಂಡು ಅಟ್ಟಕ್ಕೆ ಹೋಯಿತು. ಯಾರೂ ಕೇಳಲು ಬರಲಿಲ್ಲ, ಇವರೂ ಕೊಡಲು ಹೋಗಲಿಲ್ಲ.

ತಂದೆಯವರು ಮತ್ತೆ ಆಡಲಿಲ್ಲ. ಆದರೆ ಆಟ ಅವರನ್ನು ಬಿಡಲಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಎಲೆ ಹಾಕಿಕೊಳ್ಳುತ್ತ, ಬೇರೆ ಮನೆಗಳಲ್ಲಿ ಭಾರತ ಭಾಗವತಗಳನ್ನು ಹೇಳುವಂತೆ ಭಾರತ ತಂಡದ ಕಥೆ ಹೇಳುತ್ತಿದ್ದರು. ನಾವು ಮಕ್ಕಳು ಕೇಳಿದ ಮೊದಲ ಪರ್ವ 1948ರದು. ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡಿನ ಮೈದಾನದಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾಯಕ ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ, ವೈದ್ಯ ವಿದ್ಯೆಯವರು. ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ಸಿಕ್ಕಿದವು, ಎರಡೂ ವ್ಯರ್ಥವಾದವು. ಆದರೂ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮಮಾಡಿದರು. ಆಟ ಮುಗಿಯುತ್ತಿರುವಾಗ ಫ್ರಾನ್ಸ್ ಎರಡನೆಯದನ್ನು ಹೊಡೆದು ಗೆದ್ದಿತು. ಒಲಿಂಪಿಕ್ಸಿನಲ್ಲಿ ಭಾರತದ ಮೊತ್ತಮೊದಲ ಗೋಲು ಅದು. ಹೊಡೆದವರು ಬೆಂಗಳೂರಿನವರು. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್, ಬಷೀರ್, ಧನರಾಜ್, ವಜ್ರವೇಲು ಇದ್ದರು. "ಎಲ್ಲ ನಮ್ಮ ಮೈಸೂರಿನವರು" ಎಂದು ತಂದೆಯವರು ಎದೆಯುಬ್ಬಿಸುತ್ತಿದ್ದರು. ಮೈಸೂರು ತಂಡ 1946ರಲ್ಲೂ 1952ರಲ್ಲೂ ಸಂತೋಷ್ ಟ್ರೋಫಿ ಗೆದ್ದದ್ದನ್ನು ಅದರ ಬಾಲವಾಗಿ ಸೇರಿಸುತ್ತಿದ್ದರು.

ಅವರಲ್ಲಿ ಅನೇಕರು ಬೆಂಗಳೂರು ದಂಡುಪ್ರದೇಶದ ತಮಿಳು, ಉರ್ದು ಮನೆಗಳಿಂದ ಬಂದವರೆಂಬುದು ನನಗೆ ತಿಳಿದದ್ದು ಕಾಲೇಜಿನ ಮೆಟ್ಟಿಲೇರಿದ ಮೇಲೆ. ಹರೆಯದ ಜಾಣತನದಿಂದ ತಂದೆಯವರ ಮುಂದೆ ಅದನ್ನು ಎತ್ತಿದೆ: "ಮನೆಯಲ್ಲಿ ತಮಿಳಾಡುವವರು ನಮ್ಮವರು ಹೇಗಾಗುತ್ತಾರೆ?" ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ನಾವು ಕೇರಳದವರು ಹೇಗಾದೆವೋ ಹಾಗೆ" ಎಂದರು. ಅದು ಒಪ್ಪಿಗೆಯೋ ವ್ಯಂಗ್ಯವೋ ನನಗೆ ಇಂದಿಗೂ ಬಗೆಹರಿದಿಲ್ಲ.

ಎರಡನೆಯ ಕಥೆ 1950ರದು. ಇದರಲ್ಲಿ ನಮ್ಮ ತಂದೆಯವರು ತಪ್ಪಿದ್ದರು. ಅವರನ್ನು ನಂಬಿ ನಾನೂ ಮುವ್ವತ್ತು ವರ್ಷ ಮಕ್ಕಳಿಗೆ ತಪ್ಪನ್ನೇ ಹೇಳಿದೆ. ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತ ಅರ್ಹತೆ ಪಡೆದಿತ್ತು, ಬರಿಗಾಲಿನಲ್ಲಿ ಆಡಬಾರದೆಂದು ಹೇಳಿದ್ದರಿಂದ ಸ್ವಾಭಿಮಾನಿಗಳಾದ ನಮ್ಮವರು ಹೋಗಲಿಲ್ಲ, ಎಂಬುದು ಆ ಕಥೆ. ಕೇಳಲು ಚೆಂದ. ನಡೆದದ್ದು ಬೇರೆ. ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಒಂದು ಪಂದ್ಯವನ್ನೂ ಆಡದೆ ನಮಗೆ ಸ್ಥಾನ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ನಮ್ಮ ಹೆಸರೂ ಬಂದಿತ್ತು. ಪ್ರಯಾಣದ ವೆಚ್ಚದಲ್ಲಿ ಬಹುಪಾಲನ್ನು ಹೊರಲು ಬ್ರೆಜಿಲಿನವರು ಸಿದ್ಧರಿದ್ದರು. ಆದರೆ ನಮ್ಮ ಕಾಲ್ಚೆಂಡು ಒಕ್ಕೂಟದವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪು ಯಾವ ಲೆಕ್ಕದ್ದೂ ಅಲ್ಲ. ತಂಡದ ಆಯ್ಕೆಯ ಬಗ್ಗೆ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯವಿಲ್ಲ ಎಂದು ಹೇಳಿ ಕೊನೆಯ ಗಳಿಗೆಯಲ್ಲಿ ಬಿಟ್ಟರು. ಹೋಗದೆ ಕುಳಿತ ಸೋಮಾರಿತನಕ್ಕೆ ಬರಿಗಾಲಿನ ಸ್ವಾಭಿಮಾನದ ಬಣ್ಣ ಆಮೇಲೆ ಹತ್ತಿತು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಗೋಲು ಸಾಹು ಮೇವಾಲಾಲರದು. ನಾಯಕ ಶೈಲೇನ್ ಮನ್ನಾ. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ಆಟ ಮುಗಿಯುವ ಹೊತ್ತಿಗೆ ಅಹಮದ್ ಖಾನ್ ಒಂದನ್ನು ಮರಳಿಸಿದರು. 10–1. ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ. ಈ ಪರ್ವವನ್ನು ತಂದೆಯವರು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು.

ಅವರು ಎಂದೂ ಹೇಳದ ಪರ್ವವೊಂದಿತ್ತು: 1956. ರಹೀಮರ ಬಗ್ಗೆ, ಜಕಾರ್ತದ ಬಗ್ಗೆ ಗಂಟೆಗಟ್ಟಲೆ ಹೇಳುವವರು ಮೆಲ್ಬೋರ್ನಿಗೆ ಬಂದಾಗ ಎಲೆಯನ್ನು ಉಗುಳಲು ಏಳುತ್ತಿದ್ದರು.

1967ರಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ಕವಣೆಗೆ ಕಲ್ಲು ಹಿಡಿಯುವ ತೊಗಲು ಬೇಕಾಗಿತ್ತು. ಅಟ್ಟ ಹತ್ತಿ ಹುಡುಕುವಾಗ ಚೆಂಡು ಸಿಕ್ಕಿತು. ಯಾರಿಗೂ ಬೇಡವಾದ ವಸ್ತು ಎಂದುಕೊಂಡು ಮೆಟ್ಟುಕತ್ತಿಯಿಂದ ಒಂದು ತುಂಡನ್ನು ಕೊಯ್ದುಕೊಂಡೆ. ಸಂಜೆ ತಂದೆಯವರು ಕವಣೆಯನ್ನು ನೋಡಿದರು. ಶಾಲೆಯಲ್ಲೂ ಮನೆಯಲ್ಲೂ ಮಕ್ಕಳ ಮೇಲೆ ಕೈಯೆತ್ತದವರು ಆ ದಿನ ನನಗೆ ಬಾರುಕೋಲಿನಿಂದ ಹೊಡೆದರು. ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದ ವರ್ಷವದು. ಮನೆಗೆ ಬಂದವರಿಗೆಲ್ಲ ಬೆಲ್ಲ ಕೊಡುವಷ್ಟು ಸಂತೋಷದಲ್ಲಿದ್ದ ಮನುಷ್ಯ ಒಂದು ಹಳೆಯ ತೊಗಲಿಗಾಗಿ ಏಕೆ ಹೀಗೆ ಕೆರಳಿದರೆಂದು ನನಗೆ ಅರ್ಥವಾಗಲಿಲ್ಲ. ಹೊಡೆದಾದ ಮೇಲೆ ಅವರೇ ಚೆಂಡನ್ನು ಕೈಗೆತ್ತಿಕೊಂಡು, ತೂತಿನ ಸುತ್ತ ಬೆರಳಾಡಿಸಿ, "ಇದು ನಮ್ಮದು ಮಾತ್ರ ಅಲ್ಲ" ಎಂದರು. ಮರಳಿ ಬುಟ್ಟಿಯ ತಳಕ್ಕೆ ಹಾಕಿದರು.

ತಂದೆಯವರು ತೀರಿಕೊಂಡದ್ದು 1994ರಲ್ಲಿ. ಹನ್ನೆರಡರ ದಿನ ಊಟವಾಗಿ ಜನ ಚದುರಿದ ಮೇಲೆ ಹಾಜಿಯವರು ಬಂದರು. ಜಗಲಿಯಲ್ಲಿ ತಂದೆಯವರು ಕುಳಿತುಕೊಳ್ಳುತ್ತಿದ್ದ ಜಾಗವನ್ನು ಬಿಟ್ಟು ಬದಿಯಲ್ಲಿ ಕುಳಿತರು. ಬಹಳ ಹೊತ್ತು ಅಡಿಕೆಯ ಧಾರಣೆ, ಮಳೆ, ಮಂಡಿ ನೋವು ಎಂದೆಲ್ಲ ಮಾತಾಡಿದರು. ಹೊರಡುವ ಮುಂಚೆ ದನಿ ತಗ್ಗಿಸಿ, "ಆ ಚೆಂಡು ಉಂಟಾ ಮಾರಾಯ?" ಎಂದು ಕೇಳಿದರು.

ನಾನು ಅಟ್ಟದಿಂದ ಇಳಿಸಿ ತಂದೆ. ತೂತನ್ನು ಅಂಗೈಯಿಂದ ಮುಚ್ಚಿಕೊಂಡೇ ಕೊಟ್ಟೆ. ಅವರು ತಿರುಗಿಸಿ ನೋಡಿದರು. ಕತ್ತರಿಸಿದವನು ನಾನೆಂದು ಹೇಳಿದೆ, ಪೆಟ್ಟು ತಿಂದದ್ದನ್ನೂ ಹೇಳಿದೆ. ಹಾಜಿಯವರ ಗಡ್ಡ ಅಲುಗಿತು. "ಕೊಯ್ದದ್ದು ನನ್ನ ಪಾಲಿನಿಂದಲೋ, ನಿನ್ನಪ್ಪನ ಪಾಲಿನಿಂದಲೋ?" ಎಂದರು. ಆಮೇಲೆ, ತಂದೆಯವರು ಹೇಳದೆ ಬಿಟ್ಟ ಪರ್ವವನ್ನು ಅವರು ಹೇಳಿದರು.

ಅದಕ್ಕೆ ಮುಂಚೆ ಆ ತಂಡದ ಬಗ್ಗೆ ಎರಡು ಮಾತು ಬರೆಯಬೇಕು. ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೋದ ತಂಡದ ಗುರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೊದಲು ಶಾಲಾ ಮಾಸ್ತರರಾಗಿದ್ದವರು. ನಾಯಕ ಬಂಗಾಳದ ಸಮರ್ ಬ್ಯಾನರ್ಜಿ. ಅಜೀಜುದ್ದೀನ್, ಬಲರಾಂ, ಜುಲ್ಫಿಕರ್, ನೂರ್ ಮೊಹಮ್ಮದ್ ಮೊದಲಾದವರು ಹೈದರಾಬಾದಿನ ನೆಲದಲ್ಲಿ ಆಡಿ ಬೆಳೆದವರು. ಮೈಸೂರಿನಿಂದ ಹಾಫ್‌ಬ್ಯಾಕ್ ಕೆಂಪಯ್ಯ. ಕೋಳಿಕ್ಕೋಡಿನಿಂದ ಬ್ಯಾಕ್ ರಹಮಾನ್. ಮುಂದೆ ನಿಂತು ಗೋಲು ಹೊಡೆಯುವವರು ಗೋವಾ ಮೂಲದ ನೆವಿಲ್ ಡಿಸೋಜ. ಈಗ ದಿನಾಂಕವನ್ನು ಗಮನಿಸಬೇಕು. ಹೈದರಾಬಾದ್ ಎಂಬ ರಾಜ್ಯ 1956ರ ಅಕ್ಟೋಬರ್ 31ಕ್ಕೆ ಮುಗಿದುಹೋಯಿತು. ರಹಮಾನರ ಮಲಬಾರು ನಮ್ಮ ಕಾಸರಗೋಡಿನಂತೆಯೇ ಅಲ್ಲಿಯವರೆಗೆ ಮದರಾಸು ರಾಜ್ಯದಲ್ಲಿತ್ತು. ನಮ್ಮಂತೆಯೇ ಅದೇ ಬೆಳಿಗ್ಗೆ ಕೇರಳಕ್ಕೆ ಸೇರಿತು. ಕೆಂಪಯ್ಯನವರ ಮೈಸೂರು ಅದೇ ದಿನ ಬೀದರಿನವರೆಗೆ, ಧಾರವಾಡದವರೆಗೆ, ಮಂಗಳೂರಿನವರೆಗೆ ಹಿಗ್ಗಿತು. ನಮ್ಮ ಬಾಗಿಲವರೆಗೆ ಬಂದು ನಿಂತಿತು. ಡಿಸೋಜರ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಹೀಗೆ, ಕಾಲಡಿಯ ಗಡಿಗಳು ಆಗತಾನೆ ಕದಲಿದ್ದ ಹುಡುಗರು ಒಂದೇ ಅಂಗಿ ತೊಟ್ಟು ಕಡಲಾಚೆ ಆಡಿದರು. ಡಿಸೆಂಬರ್ 1, ಶನಿವಾರ. ನಮ್ಮ ಮನೆಯಲ್ಲಿ ಒಲೆ ಹೊತ್ತಿಸದೆ ಇದ್ದ ದಿನಕ್ಕೆ ಸರಿಯಾಗಿ ಒಂದು ತಿಂಗಳು.

ಮೊದಲ ಸುತ್ತಿನಲ್ಲಿ ಹಂಗೇರಿಯ ಎದುರು ಆಡಬೇಕಾಗಿತ್ತು. ಬೀದಿಗಳಲ್ಲಿ ರಕ್ತ ಹರಿದಿದ್ದ ಆ ದೇಶದ ತಂಡ ಹಿಂದೆ ಸರಿದದ್ದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲಿಗೆ ಹೋಯಿತು. ಅಲ್ಲಿ ಎದುರಾಳಿ ಆತಿಥೇಯ ಆಸ್ಟ್ರೇಲಿಯಾ. ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಏಷ್ಯದ ಆಟಗಾರನೊಬ್ಬ ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ನಾಲ್ಕನೆಯದು ಕೃಷ್ಣಸ್ವಾಮಿಯವರದು. ಫಲಿತಾಂಶ 4–2.

ಹಾಜಿಯವರು ಹೇಳಿದ್ದು ಇಷ್ಟು. ಸುದ್ದಿ ಹೊತ್ತ ಮಲೆಯಾಳ ಪತ್ರಿಕೆ ರೈಲಿನಲ್ಲಿ ಕುಂಬಳೆಗೆ ಬಂದು, ಅಲ್ಲಿಂದ ಸೈಕಲ್ಲಿನಲ್ಲಿ ನಮ್ಮೂರಿಗೆ ತಲುಪಿತು. ಚಹಾದಂಗಡಿಯ ಬೆಂಚಿನ ಮೇಲೆ ನಿಂತು ಹಾಜಿಯವರು ಅದನ್ನು ಗಟ್ಟಿಯಾಗಿ ಓದತೊಡಗಿದರು. ಅಂಗಡಿ ತುಂಬಾ ಜನ. ನಮ್ಮ ತಂದೆಯವರು ಶಾಲೆ ಬಿಟ್ಟು ಬರುವ ದಾರಿ ಅದರ ಎದುರಿಗೇ. ಜಗಳವಾದಂದಿನಿಂದ ಆ ಅಂಗಡಿಯ ಕಡೆ ತಿರುಗಿ ನೋಡದೆ ನಡೆಯುತ್ತಿದ್ದವರು. ಆ ದಿನ ಅಶ್ವತ್ಥದ ಕಟ್ಟೆಯ ಹತ್ತಿರ ಚಪ್ಪಲಿಯ ಬಾರು ಸರಿಪಡಿಸುವವರಂತೆ ನಿಂತರು. ಹಾಜಿಯವರು ಕಂಡರು. ಕಂಡದ್ದರಿಂದಲೇ ಇನ್ನಷ್ಟು ಗಟ್ಟಿಯಾಗಿ, ಗೋಲು ಹೊಡೆದವರನ್ನು ಬಿಟ್ಟು ತಂಡದವರೆಲ್ಲರ ಹೆಸರು ಓದಿದರು. "ನಮ್ಮ ಕೋಳಿಕ್ಕೋಡಿನ ರಹಮಾನ್" ಎಂದು ಎರಡು ಸಲ ಓದಿದರು. ಪತ್ರಿಕೆಯಲ್ಲಿ 'ನಮ್ಮ' ಇರಲಿಲ್ಲ. ಅನಂತರ ಕೆಂಪಯ್ಯನವರ ಹೆಸರು ಬಂತು. ಮಲೆಯಾಳದಲ್ಲಿ ಆ ಒತ್ತಕ್ಷರವನ್ನು ಬರೆಯುವುದು ಒಂದು ಬಗೆ, ನಾಲಗೆಯ ಮೇಲೆ ಬರುವುದು ಇನ್ನೊಂದು ಬಗೆ. ಹಾಜಿಯವರು "ಕೆಂಬಯ್ಯ" ಎಂದು ಓದಿದರು.

ಕಟ್ಟೆಯ ಕಡೆಯಿಂದ ದನಿ ಬಂತು: "ಕೆಂಬಯ್ಯ ಅಲ್ಲ ಮಾರಾಯ, ಕೆಂಪಯ್ಯ!"

"ನಿನ್ನಪ್ಪ ಎಲ್ಲವನ್ನೂ ತಡೆದುಕೊಂಡಾರು, ಕನ್ನಡದ ಹೆಸರನ್ನು ತಪ್ಪು ಓದಿದರೆ ತಡೆದುಕೊಳ್ಳಲಾರರು. ನನಗದು ಗೊತ್ತಿತ್ತು" ಎಂದರು ಹಾಜಿಯವರು. ಬೇಕೆಂದೇ ತಪ್ಪಾಗಿ ಓದಿದಿರಾ ಎಂದು ಕೇಳಿದೆ. ಅವರು ಉತ್ತರ ಕೊಡದೆ ಚೆಂಡಿನ ಲೇಸನ್ನು ಎಳೆದು ನೋಡುತ್ತಿದ್ದರು.

ಅಂಗಡಿಯಲ್ಲಿ ಯಾರೋ "ಮಾಷೇ, ಒಳಗೆ ಬನ್ನಿ, ಚಹಾ ಕುಡಿಯಿರಿ" ಎಂದು ಕರೆದರಂತೆ. ತಂದೆಯವರು ಹೋಗಲಿಲ್ಲ. ಆದರೆ ಕಟ್ಟೆಯ ಬಳಿಯಿಂದಲೇ ಕೇಳಿದರು: ಮುಂದಿನ ಆಟ ಯಾರೊಡನೆ? ಯುಗೊಸ್ಲಾವಿಯಾ. ಹಾಗಾದರೆ ಕಷ್ಟ, ಎಂದರು. ನಡೆದು ಹೋದರು. ಸೆಮಿಫೈನಲಿನಲ್ಲಿ ಡಿಸೋಜರೇ ಮೊದಲ ಗೋಲು ಹೊಡೆದು ಭಾರತವನ್ನು ಮುಂದೆ ನಿಲ್ಲಿಸಿದರೂ ಕೊನೆಗೆ 1–4ರಿಂದ ಸೋತೆವು. ಕಂಚಿನ ಪದಕಕ್ಕಾಗಿ ನಡೆದ ಆಟದಲ್ಲಿ ಬಲ್ಗೇರಿಯಾ 3–0ಯಿಂದ ಗೆದ್ದಿತು. ನಾಲ್ಕನೆಯ ಸ್ಥಾನ. ಅದಕ್ಕಿಂತ ಮೇಲಕ್ಕೆ ಒಲಿಂಪಿಕ್ಸಿನಲ್ಲಿ ನಾವು ಎಂದೂ ಏರಿಲ್ಲ.

ಆ ಸೋಲುಗಳ ಸುದ್ದಿಯನ್ನು ಹಾಜಿಯವರು ಓದಿ ಹೇಳಲಿಲ್ಲ. ಪತ್ರಿಕೆಯನ್ನು ಮಡಚಿ, ಒಬ್ಬ ಹುಡುಗನ ಕೈಯಲ್ಲಿ ನಮ್ಮ ಮನೆಗೆ ಕಳುಹಿಸಿದರಂತೆ. ತಂದೆಯವರು ಓದಿ ಮರಳಿ ಕಳುಹಿಸಿದರು. ಅವರಿಗೆ ಮಲೆಯಾಳ ಓದಲು ಬರುತ್ತಿತ್ತೆಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ. ನಮ್ಮೆದುರಿನಲ್ಲಿ ಒಂದಕ್ಷರವನ್ನೂ ಓದಿದವರಲ್ಲ.

ಇಬ್ಬರೂ ಮತ್ತೆ ಗೆಳೆಯರಾದರೆಂದು ಬರೆದರೆ ಸುಳ್ಳಾದೀತು. ಮದುವೆ ಮುಂಜಿಗಳಿಗೆ ಹೇಳಿಕೆ ಬರುತ್ತಿತ್ತು, ಹೋಗುತ್ತಿತ್ತು. ಹಾಜಿಯವರು ಹಿರಿಯ ಮಗನನ್ನು ತಂದೆಯವರ ಕನ್ನಡ ಶಾಲೆಗೇ ಸೇರಿಸಿದರು, ಕಿರಿಯವನನ್ನು ಮಲೆಯಾಳ ಶಾಲೆಗೆ. ತಂದೆಯವರು ಸಾಯುವವರೆಗೂ ವಿಲೀನೀಕರಣದ ಮನವಿಗಳಿಗೆ ಸಹಿ ಹಾಕುತ್ತಲೇ ಇದ್ದರು, ಹಾಜಿಯವರು ಅದನ್ನು ಗೇಲಿ ಮಾಡುತ್ತಲೇ ಇದ್ದರು. ಮಾತು ಬೇಕಾದಾಗ ಕಾಲ್ಚೆಂಡಿನ ನೆಪದಲ್ಲಿ ಆಡುತ್ತಿದ್ದರು, ಅಷ್ಟೆ. 1960ರಲ್ಲಿ ರೋಮ್ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು 1–1ಕ್ಕೆ ತಡೆದಾಗ, ಆ ತಂಡದಲ್ಲೂ ಕೆಂಪಯ್ಯನವರಿದ್ದಾರೆಂದು ಹಾಜಿಯವರೇ ದಾರಿಯಲ್ಲಿ ನಿಲ್ಲಿಸಿ ಹೇಳಿದರಂತೆ. ಈ ಸಲ 'ಪ' ಸರಿಯಾಗಿತ್ತು.

ಜಕಾರ್ತದ ಕಥೆಯನ್ನು ತಂದೆಯವರಷ್ಟು ಚೆನ್ನಾಗಿ ನಾನು ಹೇಳಲಾರೆ. 1962ರ ಏಷ್ಯನ್ ಕ್ರೀಡಾಕೂಟ. ಇಸ್ರೇಲ್ ಮತ್ತು ತೈವಾನುಗಳನ್ನು ಇಂಡೊನೇಷ್ಯಾ ಹೊರಗಿಟ್ಟದ್ದನ್ನು ನಮ್ಮ ಪ್ರತಿನಿಧಿ ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ಭಾರತದ ಮೇಲೆ ಕುದಿಯುತ್ತಿದ್ದರು. ಮೊದಲ ಆಟದಲ್ಲೇ ದಕ್ಷಿಣ ಕೊರಿಯಾದೆದುರು 0–2 ಸೋಲು. ಥಾಯ್ಲೆಂಡಿನೆದುರು ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿದ್ದವು. ರಹೀಮರು ಆ ಬ್ಯಾಕನ್ನು ಮನೆಗೆ ಕಳುಹಿಸಲಿಲ್ಲ. ಹಿಂದಿನಿಂದ ತೆಗೆದು ಮುಂದೆ ನಿಲ್ಲಿಸಿದರು. ಸೆಮಿಫೈನಲಿನಲ್ಲಿ ಅವರು ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲಿನಲ್ಲಿ, ಅದೇ ಕೊರಿಯಾದೆದುರು, ಕೂಗಿ ಹೀಯಾಳಿಸುವ ಜನಸಾಗರದ ನಡುವೆ, ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು ಹೊಡೆದು 2–1ರಿಂದ ಚಿನ್ನ ತಂದರು. ನಾಯಕ ಚುನಿ ಗೋಸ್ವಾಮಿ. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು. ಕ್ಯಾನ್ಸರ್ ಹಿಡಿದಿದ್ದ ರಹೀಮರು ಮರುವರ್ಷ ಜೂನಿನಲ್ಲಿ ತೀರಿಕೊಂಡರು. ತಂದೆಯವರು ಇಲ್ಲಿಗೆ ಬಂದಾಗ ಪ್ರತಿಸಲವೂ "ಮಾಸ್ಟ್ರು ಹೋದ ಮೇಲೆ ಶಾಲೆ ಉಳಿಯಲಿಲ್ಲ" ಎಂದು ನಿಲ್ಲಿಸುತ್ತಿದ್ದರು.

ಅದು ಪೂರ್ತಿ ನಿಜವಲ್ಲ. 1964ರಲ್ಲಿ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಬಂತು, 1970ರಲ್ಲಿ ಬ್ಯಾಂಕಾಕಿನಲ್ಲಿ ಜಪಾನನ್ನು ಸೋಲಿಸಿ ಕಂಚು ಬಂತು. ಆದರೆ ಆ ಜಪಾನು ಎಲ್ಲಿಗೆ ಹೋಯಿತು, ನಾವು ಎಲ್ಲಿಗೆ ಬಂದೆವು ಎಂಬುದನ್ನು ವಿವರಿಸಿ ಓದುಗರ ಮನಸ್ಸು ಕೆಡಿಸುವುದಿಲ್ಲ. ರೋಮಿನ ನಂತರ ಒಲಿಂಪಿಕ್ಸಿನ ಬಾಗಿಲು ನಮಗೆ ತೆರೆಯಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಮ್ಮ ಜಿಲ್ಲೆಯ ದಾರಿಗಳಲ್ಲಿ ಅರ್ಜೆಂಟೀನಾದ ನೀಲಿ ಬಿಳಿ, ಬ್ರೆಜಿಲಿನ ಹಳದಿ, ಆಳೆತ್ತರದ ಫ್ಲೆಕ್ಸುಗಳು. ಕಾಲ್ಚೆಂಡಿಗಾಗಿ ಇಷ್ಟು ಬಟ್ಟೆ ಹರಿಯುವ ಊರುಗಳಲ್ಲಿ ನಮ್ಮ ದೇಶದ ಬಾವುಟವೊಂದೇ ಕಾಣುವುದಿಲ್ಲ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಾಫಿ ಭಾರತದ ಅಂಗಿ ತೊಟ್ಟವರು; ಅವರ ಫ್ಲೆಕ್ಸನ್ನು ನಮ್ಮ ಕಡೆ ನಾನು ಕಂಡಿಲ್ಲ.

ಹಾಜಿಯವರೂ ಈಗಿಲ್ಲ. ಅವರ ಮೊಮ್ಮಗ ಬೆಂಗಳೂರಿನಲ್ಲಿ ಬೇಕರಿ ಇಟ್ಟಿದ್ದಾನೆ. 2023ರ ಜುಲೈಯಲ್ಲಿ ನಾನು ಮಗಳ ಮನೆಗೆ ಹೋಗಿದ್ದಾಗ ಫೋನು ಮಾಡಿ, "ಮಾಸ್ಟ್ರೇ, ಕಂಠೀರವದಲ್ಲಿ ಫೈನಲ್ ಉಂಟು, ಟಿಕೆಟ್ ತೆಗೆದಿದ್ದೇನೆ, ಬರಲೇಬೇಕು" ಎಂದ. ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪು, ಭಾರತ ಮತ್ತು ಕುವೈತ್. ಅರುವತ್ತೆಂಟನೆಯ ವಯಸ್ಸಿನಲ್ಲಿ, ಭಾರತ ತಂಡವನ್ನು ಕಣ್ಣೆದುರು ನೋಡಲು ಮೊದಲ ಬಾರಿಗೆ ಹೋದೆ. ಕರ್ನಾಟಕವು 1968–69ರ ನಂತರ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದ ವರ್ಷವದು. ತಂದೆಯವರಿದ್ದಿದ್ದರೆ ಅದನ್ನೂ ಬಾಲಕ್ಕೆ ಸೇರಿಸುತ್ತಿದ್ದರು. ಜನವೋ ಜನ. ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ಹಾಡುವುದನ್ನು ಟಿ.ವಿ.ಯಲ್ಲಿ ಕಂಡವರಿಗೆ ಅಲ್ಲಿ ಕಿವಿ ಏನಾಗುತ್ತದೆಂದು ತಿಳಿಯಲಾರದು. ಮೊದಲ ಗೋಲು ಕುವೈತಿನದು. ಸಹಲ್ ಅಬ್ದುಲ್ ಸಮದ್ ದಾಟಿಸಿದ ಚೆಂಡನ್ನು ಛಾಂಗ್ತೆ ಬಲೆಗೆ ತಳ್ಳಿದಾಗ ಹುಡುಗ ಮಲೆಯಾಳದಲ್ಲಿ ಕಿರಿಚಿ ನನ್ನನ್ನು ತಬ್ಬಿಕೊಂಡ; ಸಹಲ್ ಅವರ ಕಡೆಯವರಲ್ಲವೆ!

ನಾನೂ ತಂಡದ ಪಟ್ಟಿಯಲ್ಲಿ ಕೆಂಪಯ್ಯನಂಥ ಹೆಸರೊಂದನ್ನು ಹುಡುಕಿದ್ದೆ. ಆಗಿನ ನಾಯಕ ಸುನಿಲ್ ಛೆಟ್ರಿ 2013ರಿಂದ ಬೆಂಗಳೂರಿನ ಕ್ಲಬ್ಬಿಗೆ ಆಡುತ್ತಿದ್ದವರು, ಹುಟ್ಟಿನಿಂದ ಈ ಕಡೆಯವರಲ್ಲ. ಆದರೆ ಪಟ್ಟಿಯಲ್ಲಿ ನಿಖಿಲ್ ಪೂಜಾರಿ ಎಂದಿತ್ತು. ಮುಂಬಯಿಯಲ್ಲಿ ಹುಟ್ಟಿದ ಹುಡುಗ. ನಮ್ಮಲ್ಲಿ ಯಾವ ಊರಿನಲ್ಲಿ ಕೈಬೀಸಿದರೂ ಒಬ್ಬ ಪೂಜಾರಿಗೆ ತಾಗುತ್ತದೆ. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ನಾನೂ ಒಮ್ಮೆ "ಪೂಜಾರೀ!" ಎಂದು ಕೂಗಿದೆ. ಹಾಜಿಯವರ ಮೊಮ್ಮಗ ತಿರುಗಿ ನೋಡಿ ನಕ್ಕ. ಪೆನಾಲ್ಟಿಗಳಲ್ಲಿ 5–4. ಗುರ್‌ಪ್ರೀತ್ ಸಿಂಗ್ ಕೊನೆಯ ಒದೆತವನ್ನು ತಡೆದಾಗ ನನ್ನ ಕನ್ನಡಕ ಎಲ್ಲಿಯೋ ಬಿದ್ದು, ಕಪ್ಪು ಎತ್ತುವುದನ್ನು ಮಸುಕಾಗಿಯೇ ನೋಡಬೇಕಾಯಿತು.

ಅಂದು ಹಿಂದಿರುಗುವಾಗ, ಆಟೋದಲ್ಲಿ ಅವನಿಗೆ ಚೆಂಡಿನ ಕಥೆ ಹೇಳಿದೆ. ಅಜ್ಜ ಅವನಿಗೆ ಅದನ್ನು ಹೇಳಿರಲಿಲ್ಲ. ಆಮೇಲೆ ಒಂದು ಬಕ್ರೀದಿಗೆ ಊರಿಗೆ ಬಂದವನು ನಮ್ಮ ಅಟ್ಟ ಹತ್ತಿ, ತಾನೇ ಬುಟ್ಟಿ ಇಳಿಸಿ, ಚೆಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಊರಿನ ಹುಡುಗರ ಕ್ಲಬ್ಬಿಗೆ ಈಗ ಸಿಮೆಂಟಿನ ಕಟ್ಟಡವಾಗಿದೆ, ಕಪ್ಪುಗಳನ್ನಿಡಲು ಗಾಜಿನ ಕಪಾಟು ಮಾಡಿಸಿದ್ದಾರೆ; ಅದರಲ್ಲಿ ಇಡಲು ಚೆಂಡು ಬೇಕೆಂದು ಕೇಳಿದ. ಹೆಸರಿನ ಚೀಟಿ ಯಾವ ಭಾಷೆಯಲ್ಲಿ ಎಂದು ನಾನು ಕೇಳಿದೆ. ಎರಡರಲ್ಲೂ ಬರೆಸುತ್ತೇವೆ, ಕನ್ನಡದ್ದನ್ನು ನೀವೇ ಬರೆದುಕೊಡಿ, ಎಂದ.

ಬರೆದು ಇಟ್ಟಿದ್ದೇನೆ. ಮುಂದಿನ ಸಲ ಅವನು ಬಂದಾಗ ಕೊಡಬೇಕು. ತೂತಿರುವ ಬದಿ ಗೋಡೆಯ ಕಡೆಗೆ ಬರುವಂತೆ ಇಡು ಎಂದು ಮಾತ್ರ ಹೇಳಿದ್ದೇನೆ.